ಬಾಯ್ತುಂಬ ಮೊಳೆ

ನಮ್ಮ ಅತ್ತೆಗೆ ಐವತ್ತೆಂಟು ವರ್ಷ. ಅಪ್ಪನ ಅಕ್ಕ. ಕುಷನ್ ಅಂಗಡಿ ನಡೆಸುತ್ತಾರೆ. ಹರಿದ ಸೋಫಾ, ಕುಸಿದ ಕುರ್ಚಿ, ಹೊಟ್ಟೆ ಬಿರಿದ ದಿವಾನ್ ಮಂಚ, ಏನೇ ಬಂದರೂ ಬಿಚ್ಚಿ ಮತ್ತೆ ಕಟ್ಟಿಕೊಡುತ್ತಾರೆ. ಸಂಜೆ ಆರಕ್ಕೆ ಅಂಗಡಿಯ ಷಟರ್ ಅರ್ಧ ಇಳಿಸಿ ಡ್ರಮ್ ಬಾರಿಸುತ್ತಾರೆ. ಈ ಎರಡನೆಯ ವಿಷಯ ಕೇಳಿದವರು ಮೊದಲು ನಗುತ್ತಾರೆ, ಆಮೇಲೆ ನನ್ನ ಮುಖ ನೋಡಿ ನಿಲ್ಲಿಸುತ್ತಾರೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯಲ್ಲಿ ಎಲ್ಲರ ದೂರು. ಇರಲಿ. ಅತ್ತೆಯ ವಿಷಯದಲ್ಲಿ ಅದು ಅಲ್ಲೇ ಇದ್ದರೆ ಒಳ್ಳೆಯದು.

ನಮ್ಮದು ಮೂವರ ರಾಕ್ ಅಂಡ್ ರೋಲ್ ತಂಡ. ಗಿಟಾರ್ ಮತ್ತು ಹಾಡು ನನ್ನದು, ಡ್ರಮ್ ಅತ್ತೆಯದು. ಬೇಸ್ ಗಿಟಾರ್ ಬಾರಿಸುವವನು ಪಕ್ಕದ ಅಂಗಡಿಯ ಗಡಿಯಾರ ರಿಪೇರಿಯವನು. ದಿನವಿಡೀ ಗಡಿಯಾರದ ಮುಳ್ಳು ಕೂಡಿಸುತ್ತ ಕೂತಿರುವುದರಿಂದ ನಾವು ಅವನನ್ನು ಕರೆಯುವುದು ಮುಳ್ಳಣ್ಣ ಎಂದು. ಅವನ ಅಂಗಡಿಯ ಗೋಡೆಯಲ್ಲಿ ನಲವತ್ತು ಗಡಿಯಾರಗಳಿವೆ, ಒಂದೊಂದೂ ಒಂದೊಂದು ಹೊತ್ತು ತೋರಿಸುತ್ತದೆ. ಅವನಷ್ಟು ತಡವಾಗಿ ಬರುವ ಮನುಷ್ಯನನ್ನು ನಾನು ಬೇರೆಲ್ಲೂ ನೋಡಿಲ್ಲ.

ಈಗ ನಮ್ಮ ಮೊದಲ ಆಲ್ಬಂ ಹೊರಬಂದಿದೆ. ಹತ್ತು ಹಾಡು, ಮೂವತ್ತೊಂದು ನಿಮಿಷ. ಹಿಂದೆ ಯಾವ ಕಂಪನಿಯೂ ಇಲ್ಲ, ಮುಂದೆ ಯಾವ ದೊಡ್ಡ ಹೆಸರೂ ಇಲ್ಲ. ಚೆನ್ನಾಗಿದೆ ಎಂದು ನಾನೇ ಹೇಳುತ್ತೇನೆ, ಹೇಳಲು ಸಂಕೋಚವೇನೂ ಇಲ್ಲ. ಆದರೆ ಈ ಆಲ್ಬಂ ಅತ್ತೆಯಿಲ್ಲದೆ ಹೊರಬರುವುದರಲ್ಲಿತ್ತು. ಅದಕ್ಕೆ ಒಪ್ಪಿಗೆ ಕೊಟ್ಟವಳು ನಾನೇ. ಅದನ್ನು ನುಂಗಿಕೊಂಡು ಅತ್ತೆಯ ಕಥೆ ಹೇಳಿದರೆ ಅದು ಅರ್ಧ ಕಥೆ.

ಮೊದಲು ಅತ್ತೆಯ ಬಾಯಿಯ ವಿಷಯ ಹೇಳಬೇಕು. ಕುಷನ್ ಕೆಲಸದಲ್ಲಿ ಒಂದು ಕೈ ಬಟ್ಟೆಯನ್ನು ಬಿಗಿಯಾಗಿ ಎಳೆದು ಹಿಡಿದಿರುತ್ತದೆ, ಇನ್ನೊಂದು ಕೈಯಲ್ಲಿ ಸುತ್ತಿಗೆ ಇರುತ್ತದೆ. ಮೊಳೆ ಹಿಡಿಯಲು ಮೂರನೆಯ ಕೈ ದೇವರು ಕೊಟ್ಟಿಲ್ಲ. ಆದ್ದರಿಂದ ಹಳೆಯ ಕಾಲದ ಕೆಲಸಗಾರರು ಹತ್ತಾರು ಸಣ್ಣ ಮೊಳೆಗಳನ್ನು ಬಾಯಲ್ಲಿ ತುಂಬಿಕೊಳ್ಳುತ್ತಾರೆ. ನಾಲಿಗೆಯಿಂದ ಒಂದೊಂದನ್ನೇ ತಿರುಗಿಸಿ, ತಲೆ ಹೊರಗೆ ಬರುವಂತೆ ತುಟಿಯ ನಡುವೆ ತಂದರೆ, ತುದಿಯಲ್ಲಿ ಅಯಸ್ಕಾಂತವಿರುವ ಸುತ್ತಿಗೆ ಅದನ್ನು ತುಟಿಯಿಂದಲೇ ಎತ್ತಿಕೊಳ್ಳುತ್ತದೆ. ಟಕ್, ಟಕ್, ಟಕ್. ಈಗ ಎಲ್ಲರೂ ಗಾಳಿಯೊತ್ತಡದ ಪಿನ್ನಿನ ಗನ್ನು ಇಟ್ಟುಕೊಂಡಿದ್ದಾರೆ. ಅತ್ತೆ ಅದನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಿ ವಾಪಸ್ ಕೊಟ್ಟರು. ನಾನು ಹಲ್ಲಿನ ಡಾಕ್ಟರ ಬಳಿ ಅಚ್ಚು ತೆಗೆಯುವ ಕೆಲಸ ಮಾಡುತ್ತೇನಾದ್ದರಿಂದ ಗೊತ್ತು, ಅತ್ತೆಯ ಮೇಲಿನ ಮುಂಬಲ್ಲಿನಲ್ಲಿ ಮೊಳೆ ಕೂರುವಷ್ಟೇ ಅಗಲದ ಒಂದು ಕಚ್ಚು ಇದೆ. ತುಂಬಿಸಿಕೊಡುತ್ತೇನೆ ಎಂದರೆ ಬೇಡ ಎನ್ನುತ್ತಾರೆ. ಅದು ಮೊಳೆಯ ಮನೆಯಂತೆ.

ಬಾಯ್ತುಂಬ ಮೊಳೆ ಇದ್ದರೆ ಮಾತಾಡುವುದು ಹೇಗೆ? ಅತ್ತೆ ಮೂಗಿನಲ್ಲೇ ಮಾತಾಡುತ್ತಾರೆ. ಒಂದು ಹುಂಕಾರ ಎಂದರೆ ಹೌದು, ಎರಡು ಎಂದರೆ ಇಲ್ಲ. ಉದ್ದಕ್ಕೆ ಎಳೆದರೆ, ತಾಳು, ನೋಡೋಣ. ನಾನು ಮಗುವಾಗಿದ್ದಾಗ ಶಾಲೆ ಬಿಟ್ಟು ನೇರ ಅಂಗಡಿಗೆ ಬಂದು ನಾರಿನ ಮೂಟೆಯ ಮೇಲೆ ಕೂರುತ್ತಿದ್ದೆ. ನನ್ನ ಕಷ್ಟಸುಖಗಳಿಗೆಲ್ಲ ಅತ್ತೆಯ ಉತ್ತರ ಬರುತ್ತಿದ್ದದ್ದು ಮೂಗಿನಿಂದಲೇ. ಒಮ್ಮೆ ದೂರದ ನೆಂಟರು ಅತ್ತೆಗೆ ಗಂಡು ಗೊತ್ತುಮಾಡಲೆಂದು ಅಂಗಡಿಗೇ ಬಂದರಂತೆ. ಅತ್ತೆ ಮೊಳೆ ಉಗುಳಲಿಲ್ಲ. ಒಂದು ಗಂಟೆ ಅವರು ಮಾತಾಡಿದರು, ಇವರು ಹುಂಕರಿಸಿದರು. ಕೊನೆಗೆ ನೆಂಟರು ಒಂದು ಕುರ್ಚಿಗೆ ರೆಕ್ಸಿನ್ ಹೊದಿಸಲು ಹೇಳಿ ಎದ್ದು ಹೋದರು. ಅತ್ತೆ ಯಾರಿಗಾಗಿಯೂ ಮೊಳೆ ಹೊರಗೆ ತೆಗೆದದ್ದನ್ನು ನಾನು ಕಂಡಿರಲಿಲ್ಲ. ಅಜ್ಜ ಕರೆದರೂ ತೆಗೆಯುತ್ತಿರಲಿಲ್ಲ, ತನಗೆ ಕೆಲಸ ಕಲಿಸಿದ ಅಪ್ಪನೇ ಆದರೂ.

ಡ್ರಮ್ ಬಂದದ್ದೂ ಕೆಲಸದ ದಾರಿಯಲ್ಲೇ. ಊರಿನ ಒಂದು ಹಳೆಯ ಚಿತ್ರಮಂದಿರದ ಮುನ್ನೂರು ಸೀಟುಗಳಿಗೆ ಹೊಸ ಹೊದಿಕೆ ಹಾಕಲು ಹೋಗಿದ್ದಾಗ, ಪರದೆಯ ಹಿಂದೆ ಮೂರು ಡ್ರಮ್ಮುಗಳು ಬಿದ್ದಿದ್ದವು. ಮೂರರ ಚರ್ಮವೂ ಹರಿದಿತ್ತು. ಜೊತೆಗೆ ಡ್ರಮ್ಮಿನ ಪಕ್ಕ ನಿಲ್ಲಿಸಿ ಬಾರಿಸುವ, ಅಂಚು ಸೀಳಿದ ಒಂದು ಕಂಚಿನ ತಟ್ಟೆ. ಮ್ಯಾನೇಜರ್ ಗುಜರಿಗೆ ಹಾಕುವುದರಲ್ಲಿದ್ದ. ಅತ್ತೆ ಅವನ್ನು ತಿರುಗಿಸಿ ನೋಡಿದರು. ಅವರ ಕಣ್ಣಿಗೆ ಅದು ವಾದ್ಯವಲ್ಲ, ಮೇಲ್ಹೊದಿಕೆ ಹರಿದ ಸ್ಟೂಲು. ಅಂಗಡಿಗೆ ತಂದು ಹೊಸದಾಗಿ ಬಿಗಿದರು. ಬಿಗಿ ಸರಿಯಾಗಿದೆಯೇ ಎಂದು ನೋಡಲು ಸುತ್ತಿಗೆಯ ಹಿಡಿಯಿಂದ ತಟ್ಟಿದರು. ಆಮೇಲೆ ತಟ್ಟುವುದನ್ನು ನಿಲ್ಲಿಸಲಿಲ್ಲ. ಆಗ ಅವರಿಗೆ ನಲವತ್ತೊಂಬತ್ತು ವರ್ಷ.

ಎರಡು ವರ್ಷದ ಮೇಲೆ ನಾನು ಗಿಟಾರ್ ತಂದೆ. ಗೋಡೆಯಾಚೆ ಸದ್ದು ಕೇಳಿ ಕೇಳಿ ತಲೆಕೆಟ್ಟ ಮುಳ್ಳಣ್ಣ ಜಗಳಕ್ಕೆಂದು ಬಂದವನು ಬೇಸ್ ತರುತ್ತೇನೆ ಎಂದು ಹೇಳಿ ಹೋದ.

ಹಾಡು ಕಟ್ಟುವ ರೀತಿಯನ್ನು ಕಲಿಸಿದವರು ಅತ್ತೆ, ಸಂಗೀತದ ಒಂದಕ್ಷರ ಗೊತ್ತಿಲ್ಲದಿದ್ದರೂ. ಕೆಟ್ಟ ಕೆಲಸಗಾರರು ಹಳೆಯ ಹೊದಿಕೆಯ ಮೇಲೇ ಹೊಸದನ್ನು ಹೊಡೆದು ಕೈತೊಳೆದುಕೊಳ್ಳುತ್ತಾರೆ. ಅತ್ತೆ ಎಲ್ಲ ಬಿಚ್ಚುತ್ತಾರೆ. ರೆಕ್ಸಿನ್ನು, ಫೋಮು, ನಾರು, ಗೋಣಿಬಟ್ಟೆ, ಸ್ಪ್ರಿಂಗು, ಕೊನೆಗೆ ಬರೀ ಮರದ ಚೌಕಟ್ಟು ನಿಲ್ಲುವವರೆಗೆ. ಅದನ್ನು ಅಲುಗಾಡಿಸಿ ನೋಡಿ, ಬೇಕಾದದ್ದನ್ನಷ್ಟೇ ವಾಪಸ್ ಹಾಕುತ್ತಾರೆ. ನಾನು ಹೊಸ ಹಾಡು ತಂದಾಗಲೂ ಅದೇ.

"ಈ ಕುಣಿತ ಯಾಕೆ ಇಲ್ಲಿ?" ಎನ್ನುತ್ತಿದ್ದರು, ನಾನು ಬೆರಳು ಮುರಿದುಕೊಂಡು ಕಲಿತ ಗಿಟಾರಿನ ಸಾಲನ್ನು ಕೇಳಿ.

"ಚೆನ್ನಾಗಿರುತ್ತೆ ಅಂತ, ಅತ್ತೆ."

"ಬಿಚ್ಚು."

ಹೀಗೆ ಬಿಚ್ಚಿಸಿ ಬಿಚ್ಚಿಸಿ ನನ್ನ ಆರು ನಿಮಿಷದ ಹಾಡುಗಳು ಮೂರು ನಿಮಿಷಕ್ಕೆ ಇಳಿದವು. ಸಿಟ್ಟು ಬರುತ್ತಿತ್ತು. ಆದರೆ ಉಳಿದ ಮೂರು ನಿಮಿಷ ಕೇಳಿದಾಗ ಬಾಯಿ ಮುಚ್ಚಿಕೊಳ್ಳಬೇಕಾಗುತ್ತಿತ್ತು. ಬೇರೆಯವರ ಕೆಲಸದ ಬಗ್ಗೆ ಅತ್ತೆಯ ಬಾಯಿಂದ ಬರುವ ಅತಿ ದೊಡ್ಡ ಹೊಗಳಿಕೆ ಎಂದರೆ "ಇದು ಬಿಚ್ಚೋ ಹಾಗಿಲ್ಲ" ಎನ್ನುವುದು. ಅದನ್ನು ಅವರು ಆವರೆಗೆ ಹೇಳಿದ್ದು ಒಂದೇ ಸಲ, ಅಜ್ಜ ಕೊನೆಯದಾಗಿ ಮಾಡಿದ ಕುರ್ಚಿಯ ಬಗ್ಗೆ. ಆ ಕುರ್ಚಿ ಈಗಲೂ ಅಂಗಡಿಯಲ್ಲಿದೆ. ಗಿರಾಕಿಗಳನ್ನು ಅದರ ಮೇಲೆ ಕೂರಲು ಬಿಡುವುದಿಲ್ಲ.

ಇಷ್ಟು ವರ್ಷ ಬಾರಿಸಿದ ಮೇಲೆ ಹತ್ತು ಹಾಡುಗಳು ಕೂಡಿದವು. ಮೂವರೂ ಒಂದೇ ಸಲ ಕೆಲಸ ಬಿಟ್ಟು ಬರಬಹುದಾದ ಮೂರು ದಿನ ನೋಡಿ ಒಂದು ಸ್ಟುಡಿಯೋ ಗೊತ್ತುಮಾಡಿದೆವು. ಮೂರನೆಯ ಸಂಜೆ ಮುಗಿದರೆ ಮುಗಿಯಿತು, ಮುಂದಿನ ಎರಡು ತಿಂಗಳು ಅಲ್ಲಿ ಬೇರೆಯವರ ಸರದಿ.

ಅಲ್ಲಿಯ ರೆಕಾರ್ಡಿಂಗ್ ಮಾಡುವವನು ಅಚ್ಚುಕಟ್ಟಾದ ಮನುಷ್ಯ. ಬೂಟು ಹೊರಗೆ ಬಿಡಿಸಿದ, ತಂತಿಗಳನ್ನು ಬಣ್ಣದ ಪ್ರಕಾರ ಜೋಡಿಸಿದ. ಮೂವರನ್ನು ಮೂರು ಗಾಜಿನ ಗೂಡುಗಳಲ್ಲಿ ಕೂರಿಸಿ ಕಿವಿಗೆ ಹೆಡ್‌ಫೋನ್ ಹಾಕಿದ. ಮೊದಲ ದಿನ ಐದು ಹಾಡು ಮುಗಿದವು. ಸಂಜೆ ಅತ್ತೆ ಮತ್ತು ಮುಳ್ಳಣ್ಣ ಮನೆಗೆ ಹೊರಟ ಮೇಲೆ ನಾನು ಅರ್ಧ ಗಂಟೆ ಹೆಚ್ಚು ನಿಂತು, ನನ್ನ ಗಿಟಾರಿನ ಮೇಲೆ ಇನ್ನೆರಡು ಗಿಟಾರ್ ಬಾರಿಸಿ ಸೇರಿಸಿದೆ. ಮೊದಲ ಆಲ್ಬಂ ಅಲ್ಲವೇ, ಸ್ವಲ್ಪ ತುಂಬಿಕೊಂಡಿರಲಿ ಅನ್ನಿಸಿತ್ತು. ಅತ್ತೆಗೆ ಹೇಳಲಿಲ್ಲ.

ಎರಡನೆಯ ದಿನ ಬೆಳಿಗ್ಗೆ ರೆಕಾರ್ಡಿಂಗಿನವನು ಮುಖ ಗಂಟಿಕ್ಕಿಕೊಂಡು ಕೂತಿದ್ದ.

"ಮೇಡಂ, ಡ್ರಮ್ ಮೇಲಿನ ಮೈಕಲ್ಲಿ ಏನೋ ಒಂದು ಸದ್ದಿದೆ," ಎಂದ ಅತ್ತೆಗೆ. "ಎಲ್ಲಾ ಹಾಡಲ್ಲೂ ಇದೆ. ಮೊದ್ಲು ಫ್ಯಾನು ಅನ್ಕೊಂಡೆ. ಆಮೇಲೆ ನೀವು ಅಂತ ಗೊತ್ತಾಯ್ತು."

ನುಡಿಸಿ ತೋರಿಸಿದ. ಡ್ರಮ್ಮಿನ ಪೆಟ್ಟುಗಳ ನಡುವೆ, ಮುಚ್ಚಿದ ತುಟಿಗಳ ಹಿಂದಿನಿಂದ, ಅತ್ತೆಯ ಹುಂಕಾರ. ಸುಮ್ಮನೆ ಒಂದು ಸ್ವರವಲ್ಲ, ಏರಿ ಇಳಿದು ಹೋಗುತ್ತಿತ್ತು. ನಲವತ್ತು ವರ್ಷ ಬಾಯ್ತುಂಬ ಮೊಳೆ ಇಟ್ಟುಕೊಂಡು ಸುತ್ತಿಗೆ ಬಡಿದವರಿಗೆ ಕೈ ಆಡಿದ ಕೂಡಲೇ ಮೂಗೂ ಆಡುತ್ತದೆ. ನಮಗೆ ಅದು ಹೊಸದಲ್ಲ. ಆದರೆ ಮನೆಯ ಫ್ರಿಜ್ಜಿನ ಸದ್ದಿನಂತೆ, ಅದು ಇದೆ ಎಂಬುದೇ ನಮಗೆ ಮರೆತುಹೋಗಿತ್ತು.

"ಅಳಿಸಕ್ಕಾಗಲ್ವಾ?" ಎಂದೆ.

"ಡ್ರಮ್ ಮೈಕಲ್ಲೇ ಕೂತಿದೆ. ಅದನ್ನ ತೆಗೆದ್ರೆ ಡ್ರಮ್ಮೂ ಹೋಗುತ್ತೆ. ಮತ್ತೆ ಬಾರಿಸ್ಬೇಕು, ಸದ್ದಿಲ್ದೆ."

ಅತ್ತೆ ಗೂಡಿನೊಳಗೆ ಹೋಗಿ ಕೂತರು. ಕರವಸ್ತ್ರ ಮಡಚಿ ಹಲ್ಲುಗಳ ನಡುವೆ ಇಟ್ಟುಕೊಂಡು ನಮ್ಮ ಜೊತೆ ಮೂರು ಸಲ ಬಾರಿಸಿದರು. ಹುಂಕಾರ ಬರಲಿಲ್ಲ. ಹಾಡೂ ಬರಲಿಲ್ಲ. ಪೆಟ್ಟುಗಳೆಲ್ಲ ಅದದೇ ಜಾಗದಲ್ಲಿದ್ದವು, ಆದರೆ ಜೀವ ಇರಲಿಲ್ಲ. ನಾನು ಒಂದು ಕಡೆ ಶುರು ಮಾಡಿದರೆ ಮುಳ್ಳಣ್ಣ ಇನ್ನೊಂದು ಕಡೆ. ಅವನ ನಲವತ್ತು ಗಡಿಯಾರಗಳೂ ಒಂದೊಂದು ಹೊತ್ತು ಹೊಡೆದ ಹಾಗಿತ್ತು.

"ಒಂದು ಹತ್ನಿಮಿಷ ಗಾಳಿಗೆ ಹೋಗ್ಬರ್ತೀನಿ," ಎಂದು ಅತ್ತೆ ಹೊರಗೆ ಹೋದರು.

ರೆಕಾರ್ಡಿಂಗಿನವನು ನನ್ನ ಕಡೆ ತಿರುಗಿದ. ಕಂಪ್ಯೂಟರಿನಲ್ಲಿ ಡ್ರಮ್ಮುಗಳಿವೆ, ಒಳ್ಳೆಯವು, ಅಳತೆ ತಪ್ಪುವುದಿಲ್ಲ. ಐದು ಹಾಡಿಗೂ ಮಧ್ಯಾಹ್ನದೊಳಗೆ ಕೂಡಿಸಿಬಿಡಬಹುದು, ಉಳಿದ ಐದಕ್ಕೆ ನಾಳೆ. "ಕೇಳೋರಿಗೆ ವ್ಯತ್ಯಾಸ ಗೊತ್ತಾಗಲ್ಲ," ಎಂದ.

ನಾನು ಗಡಿಯಾರ ನೋಡಿದೆ. ಒಂದೂವರೆ ದಿನ ಉಳಿದಿತ್ತು. ಏಳು ವರ್ಷದ ಕೆಲಸ ಕೈಜಾರಿ ಹೋಗುತ್ತದೆ ಅನ್ನಿಸಿತು. ಮುಳ್ಳಣ್ಣ ತಲೆ ತಗ್ಗಿಸಿ ತಂತಿ ಒರೆಸುತ್ತಿದ್ದ, ಅವನನ್ನು ಕೇಳಲಿಲ್ಲ.

"ಸರಿ, ಹಾಕಿ," ಎಂದೆ.

ಇದು ನನ್ನ ಜೀವನದ ಅತಿ ಸಣ್ಣ ಮಾತು, ಅತಿ ಕೆಟ್ಟದ್ದೂ ಹೌದು. ಇಡೀ ಮನೆಯಲ್ಲಿ ನನ್ನ ಕೈಗೆ ಗಿಟಾರ್ ಬರಲು ಕಾರಣರಾದ ಒಬ್ಬರೇ ಒಬ್ಬರನ್ನು ನಾನು ಅವರದೇ ಆಲ್ಬಮ್ಮಿನಿಂದ ಹೊರಗೆ ಕಳಿಸಿದೆ, ಅದೂ ಅವರು ಗಾಳಿಗೆಂದು ಹೋಗಿದ್ದಾಗ.

ಅತ್ತೆ ಹತ್ತು ನಿಮಿಷವೆಂದವರು ಅರ್ಧ ಗಂಟೆ ಬಿಟ್ಟು ಬಂದರು. ಅಷ್ಟರಲ್ಲಿ ಮೊದಲ ಹಾಡು ಸಿದ್ಧವಾಗಿ ದೊಡ್ಡ ಸ್ಪೀಕರಿನಲ್ಲಿ ಮೊಳಗುತ್ತಿತ್ತು. ಬಾಗಿಲಲ್ಲೇ ನಿಂತು ಕೇಳಿದರು. ಯಂತ್ರದ ಡ್ರಮ್ಮು ಟಕಟಕ ಹೋಗುತ್ತಿತ್ತು, ಅದರ ಮೇಲೆ ನನ್ನ ಮೂರು ಗಿಟಾರು. ಅತ್ತೆಯ ಮುಖ ನೋಡುವ ಧೈರ್ಯ ನನಗಿರಲಿಲ್ಲ.

"ನಾನು ಒಪ್ಪಿಬಿಟ್ಟೆ, ಅತ್ತೆ," ಎಂದೆ.

"ಕೇಳಿಸ್ತಿದೆಯಲ್ಲ," ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಅಳುವೂ ಇರಲಿಲ್ಲ. ಗಿರಾಕಿಯ ಮನೆಯಲ್ಲಿ ಬೇರೆ ಯಾರೋ ಮಾಡಿದ ಸೋಫಾದ ಮುಂದೆ ನಿಲ್ಲುವಂತೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು. "ಹೊದಿಕೆ ಚೆನ್ನಾಗಿದೆ. ಒಳಗೇನಿದೆ ತೋರ್ಸಿ."

"ಒಳಗೆ ಅಂದ್ರೆ?" ಎಂದ ಅವನು.

"ಬಿಚ್ಚಿ. ಒಂದೊಂದೇ. ನೀವು ಹಾಕಿದ ಮಷೀನು ಮೊದ್ಲು."

ಅವನು ಗುಂಡಿ ಒತ್ತಿದ. ಯಂತ್ರ ನಿಂತಿತು.

"ಇದ್ಯಾರದು, ಮೂರು ಮೂರು ಗಿಟಾರು?"

"ನಂದು," ಎಂದೆ.

"ಒಂದರ ಮೇಲೊಂದು ಹೊಡೆದಿದೀಯ. ನಾನು ಇದನ್ನೇ ಕಲ್ಸಿದ್ದಾ? ಬಿಚ್ಚಿ, ಮೂರನ್ನೂ."

ಬಿಚ್ಚಿದ. ನನ್ನ ಹಾಡೂ ಹೋಯಿತು. ಮುಳ್ಳಣ್ಣನ ಬೇಸೂ ಹೋಯಿತು. ನಿನ್ನೆ ಅತ್ತೆ ಬಾರಿಸಿದ್ದನ್ನು ಮತ್ತೆ ಹಾಕಿಸಿದರು, ಮೇಲಿನ ಒಂದು ಮೈಕು ಮಾತ್ರ. ಕೋಣೆ ತುಂಬ ಈಗ ಮೂರು ಡ್ರಮ್ಮು, ಸೀಳಿದ ಒಂದು ತಟ್ಟೆ, ಮತ್ತೆ ಆ ಹುಂಕಾರ.

ಪೂರ್ತಿ ಹಾಡು ಕೇಳಿದೆವು. ಪೆಟ್ಟು ಬೀಳುವುದಕ್ಕೆ ಒಂದು ಉಸಿರು ಮೊದಲೇ ಹುಂಕಾರ ಏಳುತ್ತಿತ್ತು. ಚರಣ ಮುಗಿಯುವ ಕಡೆ ತುಸು ತಗ್ಗುತ್ತಿತ್ತು. ನಾನು ಎಲ್ಲಿ ದನಿ ಎತ್ತುತ್ತೇನೋ ಅಲ್ಲಿ ಅದು ಮೊದಲೇ ಹೋಗಿ ಕಾದು ನಿಂತಿತ್ತು. ನಮ್ಮ ತಂಡದಲ್ಲಿ ಒಂದು ಎರಡು ಮೂರು ಎಂದು ಎಣಿಸಿ ಯಾರೂ ಯಾವತ್ತೂ ಹಾಡು ಶುರು ಮಾಡಿದ್ದಿಲ್ಲ, ಬಾಯಲ್ಲಿ ಮೊಳೆ ಇಟ್ಟುಕೊಂಡೇ ಕೆಲಸ ಮಾಡಿದವರಿಗೆ ಎಣಿಸುವ ಅಭ್ಯಾಸ ಎಲ್ಲಿಂದ ಬರಬೇಕು? ಹಾಗಿದ್ದರೂ ಮೂವರೂ ಒಂದೇ ಕ್ಷಣಕ್ಕೆ ಶುರು ಮಾಡುತ್ತಿದ್ದೆವು. ಹೇಗೆ ಎಂದು ನಾನು ಕೇಳಿಕೊಂಡಿರಲಿಲ್ಲ.

"ನಾನು ಅಕ್ಕನ ಡ್ರಮ್ ಹಿಂದೆ ಹೋಗ್ತಿರಲಿಲ್ಲ," ಎಂದ ಮುಳ್ಳಣ್ಣ ನಿಧಾನವಾಗಿ. "ಇದರ ಹಿಂದೆ ಹೋಗ್ತಿದ್ದೆ. ಬೆಳಿಗ್ಗೆ ಇದು ಇಲ್ದೆ ಹೋದಾಗ ನಂಗೆ ದಾರಿನೇ ಸಿಗಲಿಲ್ಲ."

ಅವನು ತಡವಾಗಿ ಬರುವವನೇ. ಆದರೆ ಆ ದಿನ ಬರಬೇಕಾದ ಜಾಗಕ್ಕೆ ನನಗಿಂತ ಮೊದಲು ಬಂದ.

"ಇದೇ ಚೌಕಟ್ಟು," ಎಂದರು ಅತ್ತೆ, ರೆಕಾರ್ಡಿಂಗಿನವನಿಗೆ. "ನೀವು ಇದನ್ನೇ ಕಸ ಅಂತಿದ್ರಿ. ನಿಮ್ ತಪ್ಪಿಲ್ಲ, ನಂಗೂ ಇವತ್ತೇ ಗೊತ್ತಾಗಿದ್ದು. ಈಗ ಏನ್ಮಾಡ್ತೀರಿ ಹೇಳಿ."

ಅವನು ಕೆಟ್ಟವನಲ್ಲ ಎಂದು ಹೇಳಿದೆನಲ್ಲ. ಇಲ್ಲ, ಹೇಳಿರಲಿಲ್ಲ, ಈಗ ಹೇಳುತ್ತಿದ್ದೇನೆ. ಸ್ವಲ್ಪ ಹೊತ್ತು ಗಲ್ಲ ಕೆರೆದುಕೊಂಡ. ಆಮೇಲೆ ಎದ್ದು ಹೋಗಿ ಇನ್ನೊಂದು ಮೈಕು ತಂದು ಅತ್ತೆಯ ಮೂಗಿನ ಮುಂದೆ ನಿಲ್ಲಿಸಿದ. ಗಾಜಿನ ಗೂಡುಗಳ ಬಾಗಿಲು ತೆಗೆಸಿದ. ನಮ್ಮನ್ನು ಮೂವರನ್ನೂ ಹೊರಗಿನ ಕೋಣೆಯಲ್ಲಿ, ಅಂಗಡಿಯಲ್ಲಿ ಕೂರುವಷ್ಟೇ ಹತ್ತಿರ ಕೂರಿಸಿದ. ಹೆಡ್‌ಫೋನುಗಳನ್ನು ಕಿತ್ತುಕೊಂಡು ಮೂಲೆಗೆ ಹಾಕಿದ.

"ಐದೂ ಹಾಡು ಮೊದಲಿಂದ," ಎಂದ.

ಅಷ್ಟು ಹೊತ್ತಿಗೆ ಎಲ್ಲ ಸರಿಹೋಯಿತು ಎಂದುಕೊಂಡರೆ, ಹುಂಕಾರ ಕೈಕೊಟ್ಟಿತು. ಮೂಗಿನ ಮುಂದೆ ಮೈಕು ಕಂಡದ್ದೇ ಅತ್ತೆಯ ಗಂಟಲು ಬಿಗಿದುಕೊಂಡಿತು. ಬಲವಂತಕ್ಕೆ ಹುಂಕರಿಸಿದರೆ ಶೀತವಾದವರಂತೆ ಕೇಳಿಸಿತು. ಎರಡು ಸಲ ನಿಲ್ಲಿಸಿದೆವು. ಮೂರನೆಯ ಸಲ ಅತ್ತೆ ಕೋಲುಗಳನ್ನು ತೊಡೆಯ ಮೇಲೆ ಇಟ್ಟು, ಕೆಲಸದ ಕೋಟಿನ ಜೇಬಿಗೆ ಕೈ ಹಾಕಿದರು. ಆ ಕೋಟನ್ನು ಅವರು ಎಲ್ಲಿಗೆ ಹೋದರೂ ಬಿಡುವವರಲ್ಲ. ಜೇಬಿನಿಂದ ಒಂದು ಹಿಡಿ ಸಣ್ಣ ಮೊಳೆ ತೆಗೆದು, ಎಣಿಸದೆ ಬಾಯಿಗೆ ಹಾಕಿಕೊಂಡರು.

ರೆಕಾರ್ಡಿಂಗಿನವನು ಕುರ್ಚಿಯಿಂದ ಅರ್ಧ ಎದ್ದ. "ಮೇಡಂ, ಬಾರಿಸುವಾಗ ನುಂಗಿಬಿಟ್ರೆ?"

ಅತ್ತೆ ಎರಡು ಸಲ ಹುಂಕರಿಸಿದರು.

"ಇಲ್ಲ ಅಂತಿದಾರೆ," ಎಂದು ನಾನು ಅವನಿಗೆ ಅರ್ಥ ಹೇಳಿದೆ. "ನಲವತ್ತು ವರ್ಷದಲ್ಲಿ ಒಂದನ್ನೂ ನುಂಗಿಲ್ಲ. ನೀವು ಯಂತ್ರ ನೋಡ್ಕೊಳ್ಳಿ."

ಅತ್ತೆಯ ಮೂಗಿನಿಂದ ಆ ಉಸಿರು ಎದ್ದಿತು. ಮೂವರೂ ಒಂದೇ ಕ್ಷಣಕ್ಕೆ ಹಾಡಿನೊಳಗೆ ಇಳಿದೆವು. ಏಳು ವರ್ಷದಿಂದ ಕೇಳಿದ್ದನ್ನು ನಾನು ಆ ದಿನ ಮೊದಲ ಸಲ ಕೇಳಿಸಿಕೊಂಡೆ. ಅತ್ತೆ ಕಣ್ಣು ಮುಚ್ಚಿದ್ದರು. ಅವರ ಕೈಗಳು ಸೋಫಾದ ಅಂಚಿಗೆ ಮೊಳೆ ಹೊಡೆಯುವಾಗ ಹೋಗುವಂತೆ, ಒಂದಿಷ್ಟೂ ಹೆಚ್ಚಿಲ್ಲದೆ ಕಡಿಮೆಯಿಲ್ಲದೆ, ಸಾಲಾಗಿ ಮುಂದೆ ಹೋಗುತ್ತಿದ್ದವು. ನನಗೆ ಕಣ್ಣು ತುಂಬಿ ಬಂತು. ತಂತಿ ಕಾಣದೆ ಒಂದು ಕಡೆ ಬೆರಳು ತಪ್ಪಿತು. ಅದು ಆಲ್ಬಮ್ಮಿನಲ್ಲಿ ಹಾಗೇ ಇದೆ.

ಆ ದಿನ ಆರು ಹಾಡು, ಮರುದಿನ ನಾಲ್ಕು. ಮೊಳೆ ಬಾಯಿಗೆ ಹೋದ ಮೇಲೆ ಯಾವುದನ್ನೂ ಎರಡಕ್ಕಿಂತ ಹೆಚ್ಚು ಸಲ ಬಾರಿಸಲಿಲ್ಲ. ಮೂರನೆಯ ಸಂಜೆ ಐದಕ್ಕೆ ಅತ್ತೆ ಮೊಳೆಗಳನ್ನು ಅಂಗೈಗೆ ಉಗುಳಿ, ಒರೆಸಿ, ಜೇಬಿಗೆ ಹಾಕಿಕೊಂಡು, ರೆಕಾರ್ಡಿಂಗಿನವನ ಕುರ್ಚಿಯನ್ನು ಬಗ್ಗಿ ನೋಡಿದರು. "ಇದರ ಫೋಮು ಸತ್ತುಹೋಗಿದೆ. ಅಂಗಡಿಗೆ ಕಳ್ಸಿ," ಎಂದರು. ಅವನು ಕಳಿಸಿದ.

ಆಲ್ಬಮ್ಮಿಗೆ ಹೆಸರು ಇಟ್ಟವನು ಮುಳ್ಳಣ್ಣ. 'ಬಾಯ್ತುಂಬ ಮೊಳೆ.' ಹೊದಿಕೆಯ ಮೇಲೆ ಯಾರ ಚಿತ್ರವೂ ಇಲ್ಲ, ಬಿಚ್ಚಿಟ್ಟ ಒಂದು ಕುರ್ಚಿಯ ಚೌಕಟ್ಟು ಇದೆ.

ಏಳು ವಾರದ ಮೇಲೆ ಮೊದಲ ಪ್ರತಿ ಕೈಗೆ ಬಂತು. ಡಾಕ್ಟರಿಗೆ ಹೇಳಿ ಅರ್ಧ ದಿನ ರಜೆ ಹಾಕಿ ನೇರ ಅಂಗಡಿಗೆ ಓಡಿದೆ. ಮಧ್ಯಾಹ್ನ ಮೂರರ ಬಿಸಿಲು ಷಟರಿನ ಕೆಳಗಿನಿಂದ ಒಳಗೆ ಬಂದು ನಾರಿನ ಮೂಟೆಗಳ ಮೇಲೆ ಬಿದ್ದಿತ್ತು. ಅತ್ತೆ ಮಂಡಿಯೂರಿ ಒಂದು ಒರಗುಕುರ್ಚಿಗೆ ಹಸಿರು ಬಟ್ಟೆ ಎಳೆಯುತ್ತಿದ್ದರು. ಬಾಯ್ತುಂಬ ಮೊಳೆ.

"ಹಾಕ್ಲಾ?" ಎಂದೆ.

ಒಂದು ಹುಂಕಾರ.

ಹಾಕಿದೆ. ಮುಳ್ಳಣ್ಣನೂ ಬಂದು ಬಾಗಿಲಿಗೆ ಒರಗಿ ನಿಂತ. ಮೂವತ್ತೊಂದು ನಿಮಿಷ ಅತ್ತೆ ತಲೆ ಎತ್ತಲಿಲ್ಲ, ಕೈ ನಿಲ್ಲಿಸಲಿಲ್ಲ. ಆಲ್ಬಮ್ಮಿನೊಳಗಿನ ಅತ್ತೆ ಹುಂಕರಿಸುತ್ತಿದ್ದರು, ಹೊರಗಿನ ಅತ್ತೆ ಸುಮ್ಮನೆ ಮೊಳೆ ಹೊಡೆಯುತ್ತಿದ್ದರು. ಪತ್ರಿಕೆಯವರು ಏನು ಬರೆದಾರು, ಎಷ್ಟು ಜನ ಕೇಳಿಯಾರು ಎಂದು ನಾನು ಎಳ್ಳಷ್ಟೂ ಯೋಚಿಸಿರಲಿಲ್ಲ. ಸರಿ ಹಾಕಿ ಎಂದ ಆ ಗಳಿಗೆಯಿಂದ ನನಗೆ ಬೇಕಾಗಿದ್ದದ್ದು ಈ ಒಬ್ಬರ ಉತ್ತರ.

ಹತ್ತನೆಯ ಹಾಡು ಮುಗಿಯಿತು.

"ಹೇಗಿದೆ, ಅತ್ತೆ?"

ಒಂದು ಹುಂಕಾರವೋ ಎರಡೋ ಎಂದು ಕಿವಿಗೊಟ್ಟು ನಿಂತೆ. ಎರಡೂ ಬರಲಿಲ್ಲ. ಅತ್ತೆ ಸುತ್ತಿಗೆಯನ್ನು ನೆಲದ ಮೇಲೆ ಇಟ್ಟರು. ಎಳೆದು ಹಿಡಿದಿದ್ದ ಬಟ್ಟೆಯನ್ನು ಬಿಟ್ಟರು, ಅದು ಸಡಿಲವಾಗಿ ಜೋತುಬಿತ್ತು. ಅಂಗೈಯನ್ನು ಬಾಯಿಗೆ ಹಿಡಿದು ಮೊಳೆಗಳನ್ನೆಲ್ಲ, ಕೊನೆಯದರವರೆಗೆ, ಹೊರಗೆ ತೆಗೆದರು. ತುಟಿ ಒರೆಸಿಕೊಂಡರು.

"ಮೂರನೇ ಹಾಡಲ್ಲಿ ಮುಳ್ಳಣ್ಣ ಒಂದ್ಕಡೆ ತಡ," ಎಂದರು.

"ಗೊತ್ತು," ಎಂದ ಅವನು ಬಾಗಿಲಿಂದ.

"ಮೊದಲ್ನೇದರಲ್ಲಿ ನಿನ್ ಬೆರಳು ತಪ್ಪಿದೆ."

"ಹೌದು, ಅತ್ತೆ."

"ಇರ್ಲಿ." ಅಂಗೈಯ ಮೊಳೆಗಳನ್ನು ಅಜ್ಜನ ಕುರ್ಚಿಯ ಮೇಲೆ ಸುರಿದು, ಮಂಡಿ ಹಿಡಿದುಕೊಂಡು ಎದ್ದು ನಿಂತರು. ನನ್ನ ಮುಖವನ್ನು ನೇರ ನೋಡಿದರು. "ಇದು ಬಿಚ್ಚೋ ಹಾಗಿಲ್ಲ."